ಗ್ಯಾಸ್ ಫೈರ್‌ಪ್ಲೇಸ್‌ನ ಕೊಳ್ಳಿಗಳು ಮಸಿ ಹಿಡಿಯುತ್ತಿವೆ, ಜೋಡಿಸುವ ಕ್ರಮ ಗೊತ್ತಿರುವವರು ಹೇಳಿ

ಗಾಳಿಬೀಡು_ಮಳೆ

ಎಲ್ಲರಿಗೂ ನಮಸ್ಕಾರ. ನಮ್ಮದು ಗಾಳಿಬೀಡಿನಲ್ಲಿ ಸಣ್ಣ ಹೋಂಸ್ಟೇ. ಮಾವನವರ ಕಾಲದ ಮನೆ. ಹಾಲ್‌ನಲ್ಲಿ ಕಲ್ಲಿನ ಫೈರ್‌ಪ್ಲೇಸ್ ಇದೆ, ಮೇಲಕ್ಕೆ ಇಟ್ಟಿಗೆ ಚಿಮಣಿ. ಮೊದಲೆಲ್ಲ ಸೌದೆಯನ್ನೇ ಉರಿಸುತ್ತಿದ್ದೆವು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಣ ಸೌದೆ ಸಿಗುವುದೇ ಕಷ್ಟ. ಬಂದವರು ಹಸಿ ಸೌದೆ ಒಟ್ಟಿ ಹಾಲ್ ಪೂರ್ತಿ ಹೊಗೆ ಮಾಡುತ್ತಿದ್ದರು. ಅದಕ್ಕೇ ಎರಡು ವರ್ಷದ ಹಿಂದೆ ಗ್ಯಾಸ್‌ನದ್ದು ಹಾಕಿಸಿದೆವು. ಆರು ಸೆರಾಮಿಕ್ ಕೊಳ್ಳಿಗಳು, ಕೆಳಗೆ ಬರ್ನರ್, ಪಕ್ಕದಲ್ಲಿ ಪೈಲಟ್, ಅಂದರೆ ಬರ್ನರ್ ಹೊತ್ತಿಸುವ ಸಣ್ಣ ಉರಿ. ಹೊರಗೆ 19 ಕೆಜಿ ಸಿಲಿಂಡರ್.

ಮಳೆಗಾಲ ಪೂರ್ತಿ ಅದನ್ನು ಹಚ್ಚಿರಲಿಲ್ಲ. ಹೋದ ವಾರ ಮೊದಲ ಸಲ ಹಚ್ಚಿದೆವು. ಎರಡೇ ದಿನಕ್ಕೆ ಹಿಂದಿನ ದೊಡ್ಡ ಕೊಳ್ಳಿ ಕಪ್ಪಾಯಿತು. ಮುಟ್ಟಿದರೆ ಬೆರಳಿಗೆ ಕಾಡಿಗೆ ಹಚ್ಚಿದ ಹಾಗೆ ಮಸಿ. ಉರಿಯೂ ಮೊದಲಿನ ಹಾಗಿಲ್ಲ. ಉದ್ದಕ್ಕೆ, ಕೆಂಪಗೆ, ಸೋಮಾರಿಯಾಗಿ ಏಳುತ್ತದೆ. ಮೂಗಿಗೆ ಚುರುಕ್ ಎನ್ನುವ ವಾಸನೆ ಬೇರೆ. ನಿನ್ನೆ ರಾತ್ರಿ ಉಳಿದಿದ್ದವರ ಮಗು ತಲೆನೋವು ಅಂತ ಬೇಗ ಮಲಗಿತು. ಪ್ರಯಾಣದ ಸುಸ್ತು ಅಂದುಕೊಂಡೆವು.

ಕೊಳ್ಳಿಗಳನ್ನು ಜೋಡಿಸುವುದರಲ್ಲಿ ಏನಾದರೂ ತಪ್ಪಾಗಿದೆಯಾ? ಕಾವೇರಿ ಸಂಕ್ರಮಣಕ್ಕೆ ಮನೆ ತುಂಬಾ ಜನ ಇರುತ್ತಾರೆ. ಅಷ್ಟರಲ್ಲಿ ಸರಿ ಮಾಡಬೇಕು.

ವಿರಾಜಪೇಟೆ_ನರ್ಸ್

ಅಕ್ಕ, ಜೋಡಣೆ ಆಮೇಲೆ ನೋಡೋಣ. ಮೊದಲು ಒಲೆ ಆರಿಸಿ, ಸಿಲಿಂಡರ್ ವಾಲ್ವ್ ಮುಚ್ಚಿ. ಸರಿಯಾಗುವವರೆಗೆ ಯಾರೂ ಹಚ್ಚುವುದು ಬೇಡ.

ಮಸಿ, ಸೋಮಾರಿ ಉರಿ, ಮಗುವಿಗೆ ತಲೆನೋವು. ಈ ಮೂರೂ ಒಟ್ಟಿಗೆ ಬಂದರೆ ನನಗೆ ಮೊದಲು ನೆನಪಾಗುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿಮಗೆ ಬಂದ ವಾಸನೆ ಬೇರೆಯದ್ದು, ಸರಿಯಾಗಿ ಉರಿಯದ ಗ್ಯಾಸ್‌ನದ್ದು. ಆದರೆ ಎರಡೂ ಒಂದೇ ಕಾರಣಕ್ಕೆ ಹುಟ್ಟುತ್ತವೆ. ಈ ವಿಷಗಾಳಿ ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಕೂರುತ್ತದೆ. ಹಾಗಾಗಿ ಸ್ವಲ್ಪವೇ ಇದ್ದರೂ ಗಂಟೆಗಟ್ಟಲೆ ಕೂತವರಿಗೆ ಏರುತ್ತದೆ. ಮಕ್ಕಳಿಗೆ, ಬಸುರಿಯರಿಗೆ, ಹೃದಯದ ತೊಂದರೆ ಇರುವವರಿಗೆ ಬೇಗ ತಾಗುತ್ತದೆ.

ತಲೆನೋವು, ವಾಕರಿಕೆ, ತಲೆ ಸುತ್ತು, ಕಾಲಲ್ಲಿ ಶಕ್ತಿ ಇಲ್ಲದ ಹಾಗೆ ಆಗುವುದು. ಫ್ಲೂ ಥರ ಇರುತ್ತದೆ, ಆದರೆ ಜ್ವರ ಇರುವುದಿಲ್ಲ. ಹೊರಗೆ ಗಾಳಿಗೆ ಹೋದರೆ ಕಡಿಮೆಯಾಗುತ್ತದೆ, ಒಳಗೆ ಬಂದರೆ ಮತ್ತೆ ಶುರು. ಹಾಗಿದ್ದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈಗ ಎಲ್ಲರ ಮನೆಯಲ್ಲೂ ಇದೆ. ಅದರಲ್ಲಿ 98 ತೋರಿಸಿತು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ರಕ್ತದಲ್ಲಿ ಕೂತಿರುವುದು ಆಮ್ಲಜನಕವಾ, ಈ ವಿಷಗಾಳಿಯಾ ಅನ್ನುವುದು ಆ ಸಾದಾ ಮಷೀನಿಗೆ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಯೇ ನೋಡಬೇಕು. ಆ ಮಗುವಿನ ಮನೆಯವರಿಗೆ ಇವತ್ತೇ ಫೋನ್ ಮಾಡಿ ಕೇಳಿ.

ಗಾಳಿಬೀಡು_ಮಳೆ

ಆರಿಸಿದ್ದೇನೆ. ವಾಲ್ವ್ ಮುಚ್ಚಿದೆ, ಕಿಟಕಿ ಎಲ್ಲ ತೆರೆದಿದ್ದೇನೆ. ಅವರಿಗೆ ಫೋನ್ ಮಾಡಿದೆ. ಬೆಳಿಗ್ಗೆ ಹೊರಟ ಮೇಲೆ ಮಗು ಚೆನ್ನಾಗಿದೆಯಂತೆ, ಆಟ ಆಡುತ್ತಿದೆ. ಆದರೂ ಡಾಕ್ಟರಿಗೆ ವಿಷಯ ಹೇಳಿ ತೋರಿಸಿಬಿಡಿ ಅಂದೆ. ಕೈ ಇನ್ನೂ ನಡುಗುತ್ತಿದೆ. ನಾನು ಇದನ್ನು ಮಸಿ ಒರೆಸುವ ಸಮಸ್ಯೆ ಅಂದುಕೊಂಡಿದ್ದೆ.

ಪಾನಾ_ಪೈಪು

ಮೇಡಂ, ನಾನು ಕುಶಾಲನಗರದಲ್ಲಿ ಗ್ಯಾಸ್ ಪೈಪಿಂಗ್ ಕೆಲಸ ಮಾಡುತ್ತೇನೆ. ಹೋಟೆಲ್ ಅಡುಗೆಮನೆಗಳದ್ದೇ ಜಾಸ್ತಿ. ಹತ್ತನ್ನೆರಡು ಫೈರ್‌ಪ್ಲೇಸ್‌ಗಳನ್ನೂ ಮಾಡಿದ್ದೇನೆ. ಕೆಲವು ಪ್ರಶ್ನೆ ಕೇಳುತ್ತೇನೆ, ಉತ್ತರ ಹೇಳಿ.

ಮಳೆಗಾಲದಲ್ಲಿ ಕೊಳ್ಳಿಗಳನ್ನು ಯಾರಾದರೂ ತೆಗೆದರಾ? ತೆಗೆದಿದ್ದರೆ ವಾಪಸ್ ಇಟ್ಟಿದ್ದು ಯಾವ ಲೆಕ್ಕದಲ್ಲಿ? ಬರ್ನರ್ ತಟ್ಟೆಯಲ್ಲಿ ಕಂಪನಿ ಕೊಟ್ಟಿದ್ದು ಬಿಟ್ಟು ಬೇರೆ ಏನಾದರೂ ಇದೆಯಾ? ಚಿಮಣಿಯ ಒಳಗಿನ ಮುಚ್ಚಳ, ಅಂದರೆ ಡ್ಯಾಂಪರ್, ಪೂರ್ತಿ ತೆರೆದಿದೆಯಾ? ಪೈಲಟ್ ಉರಿ ನೀಲಿಯಾಗಿದೆಯಾ, ಹಳದಿಯಾಗಿದೆಯಾ?

ಗಾಳಿಬೀಡು_ಮಳೆ

ಕೊಳ್ಳಿ ತೆಗೆದಿದ್ದು ನಿಜ ಅಣ್ಣ. ಆಗಸ್ಟ್‌ನಲ್ಲಿ ಫಂಗಸ್ ಹಿಡಿದ ಹಾಗೆ ಕಂಡಿತು ಅಂತ ನಮ್ಮ ಕೆಲಸದವಳು ನಲ್ಲಿ ಕೆಳಗೆ ತೊಳೆದು ವರಾಂಡದಲ್ಲಿ ಒಣಗಿಸಿದ್ದಳು. ವಾಪಸ್ ಇಟ್ಟಿದ್ದು ನಾನೇ, ಚೆಂದ ಕಾಣುವ ಹಾಗೆ. ಮೊದಲು ಬಿಡಿಬಿಡಿಯಾಗಿತ್ತು. ನಿಜವಾದ ಸೌದೆ ಒಟ್ಟಿದ ಹಾಗೆ ಇರಲಿ ಅಂತ ಒತ್ತಾಗಿ ಇಟ್ಟೆ.

ತಟ್ಟೆಯಲ್ಲಿ ಬೇರೆ ಏನೂ ಇಲ್ಲ ಅಂತ ಬರೆಯಬೇಕೆಂದಿದ್ದೆ. ಈಗ ಹೋಗಿ ನೋಡಿದರೆ ನಾಲ್ಕು ನುಣುಪಾದ ಬೆಣಚು ಕಲ್ಲು ಇವೆ. ನನ್ನ ಮಗ ತೋಡಿನಿಂದ ತಂದು ಇಟ್ಟಿದ್ದಾನೆ, ಅಂದಕ್ಕೆ. ಡ್ಯಾಂಪರ್ ಅರ್ಧ ಮುಚ್ಚಿತ್ತು. ಮಳೆ ನೀರು ಬರುತ್ತದೆ ಅಂತ ಜೂನ್‌ನಲ್ಲಿ ಮುಚ್ಚಿದವರು ಪೂರ್ತಿ ತೆರೆದೇ ಇಲ್ಲ. ಪೈಲಟ್ ಹಳದಿ.

ಸೋಂಪೇಟೆ_ಎಸ್ಟೇಟ್

ನೋಡಮ್ಮ, ಆ ಕಲ್ಲುಗಳನ್ನು ಈಗಲೇ ತೆಗೆದುಬಿಡು. ಬೇರೆಯದ್ದೆಲ್ಲ ಆಮೇಲೆ.

ನಮ್ಮ ಬಂಗಲೆಯಲ್ಲಿ ಆಗಿದ್ದನ್ನು ಹೇಳುತ್ತೇನೆ. ಐದಾರು ವರ್ಷದ ಹಿಂದೆ. ಹಾರಂಗಿ ಹೊಳೆಯಿಂದ ತಂದ ಕಲ್ಲು, ಮೊಟ್ಟೆ ಗಾತ್ರದ್ದು, ನೋಡೋಕೆ ಒಣಗಿದ್ದವು. ಬರ್ನರ್ ಸುತ್ತ ಸಾಲಾಗಿ ಇಟ್ಟಿದ್ದೆವು. ಅರ್ಧ ಗಂಟೆ ಉರಿದಿರಬೇಕು. ಮೊದಲು ಚಿಟ್ ಅಂತ ಸಣ್ಣ ಸದ್ದು. ಕೊಳ್ಳಿ ಬಿಸಿಯಾಗುವ ಸದ್ದು ಅಂದುಕೊಂಡೆವು. ಆಮೇಲೆ ಪಟಾಕಿ ಹೊಡೆದ ಹಾಗೆ ಢಂ ಅಂತು. ಕಲ್ಲಿನ ಚೂರು ಮುಂದಿನ ಜಾಲರಿಗೆ ಬಡಿದು ಜಾಲರಿ ಬಾಗಿತು. ಇನ್ನೊಂದು ಚೂರು ಜಾಲರಿಯ ಪಕ್ಕದಿಂದ ಹಾರಿ ಕಾರ್ಪೆಟ್ ಮೇಲೆ ಬಿತ್ತು. ಕಾರ್ಪೆಟ್‌ನಲ್ಲಿ ಎಂಟಾಣೆ ಗಾತ್ರದ ತೂತು. ಅದರಿಂದ ಎರಡಡಿ ದೂರದಲ್ಲಿ ನನ್ನ ಮೊಮ್ಮಗಳು ಕಾಲು ಚಾಚಿ ಕೂತಿದ್ದಳು.

ಹೊಳೆ ಕಲ್ಲಿನ ಒಳಗೆ ನೀರು ಕೂತಿರುತ್ತದೆ. ಮೇಲೆ ಒಣಗಿದ್ದರೂ ಒಳಗೆ ಇರುತ್ತದೆ. ಕಾದಾಗ ಆವಿಯಾಗುತ್ತದೆ, ಹೊರಗೆ ಬರೋಕೆ ದಾರಿ ಇಲ್ಲ, ಕಲ್ಲು ಸಿಡಿಯುತ್ತದೆ. ಸಿಮೆಂಟ್ ತುಂಡು, ಟೈಲ್ಸ್ ಚೂರು, ಚಿಪ್ಪು, ಯಾವುದೂ ಬೇಡ. ಆ ಜಾಲರಿಯನ್ನು ರಿಪೇರಿ ಮಾಡಿಸದೆ ಹಾಗೇ ಇಟ್ಟಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ.

ಗೋಣಿಕೊಪ್ಪ_ತೋಟ

ಕಲ್ಲು ಬೇಡ ಸರಿ. ಒಣಗಿದ ಕಾಫಿ ಬೊಡ್ಡೆ ಇಡಬಹುದಾ? ನಮ್ಮಲ್ಲಿ ಹಳೆಯ ರೊಬಸ್ಟಾ ಗಿಡ ಕಿತ್ತ ಬೇರಿನ ಬೊಡ್ಡೆಗಳು ಬಹಳ ಚೆಂದ ಇವೆ. ಬೆಂಕಿಗೆ ತಾಗದ ಹಾಗೆ ಮೂಲೆಯಲ್ಲಿ ಇಡುವುದು, ಅಷ್ಟೇ.

ಪಾನಾ_ಪೈಪು

ಬೇಡ ಸರ್. ಮರ ಮರವೇ. ತಾಗದ ಹಾಗೆ ಇಟ್ಟರೂ ದಿನಾ ಕಾದು ಕಾದು ಒಂದು ದಿನ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ಗ್ಯಾಸ್ ವಾಲ್ವ್ ಮುಚ್ಚಿದರೂ ಅದು ಆರುವುದಿಲ್ಲ. ಬೂದಿ, ಕಿಡಿ ಬರ್ನರ್ ತೂತಿಗೆ ಹೋಗುತ್ತವೆ. ಪೇಪರ್, ತೆಂಗಿನ ಸಿಪ್ಪೆ, ಧೂಪ, ಯಾವುದನ್ನೂ ಅದರ ಮೇಲೆ ಉರಿಸಬಾರದು. ಬೊಡ್ಡೆಯನ್ನು ವರಾಂಡದಲ್ಲಿ ಇಡಿ, ಅಲ್ಲಿ ಚೆಂದ ಕಾಣುತ್ತದೆ.

ಈಗ ಮೇಡಂ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ.

ಕೊಡಗಿನವರಿಗೆ ಸೌದೆ ಒಟ್ಟುವುದು ಕೈಗೆ ಬಂದ ವಿದ್ಯೆ. ಒಲೆ ಮಂಕಾದರೆ ಇಕ್ಕಳ ತೆಗೆದುಕೊಂಡು ಕೊಳ್ಳಿ ಮುಂದೆ ನೂಕುತ್ತೇವೆ. ಅದೇ ಕೈ ಇಲ್ಲೂ ಓಡುತ್ತದೆ. ತೊಂದರೆ ಅಲ್ಲೇ. ಸೌದೆ ಒಲೆಯಲ್ಲಿ ಕೊಳ್ಳಿಯೇ ಉರಿಯುವ ವಸ್ತು. ಇಲ್ಲಿ ಕೊಳ್ಳಿ ಉರಿಯುವುದಿಲ್ಲ, ಅದು ಉರಿಗೆ ದಾರಿ ತೋರಿಸುವ ಗೋಡೆ. ಉರಿ ಕೊಳ್ಳಿಗಳ ಸಂದಿಯಲ್ಲಿ ಏಳಬೇಕು, ಸುತ್ತಲಿಂದ ಗಾಳಿ ಸಿಗಬೇಕು. ಉರಿಯ ಮಧ್ಯಕ್ಕೆ ತಣ್ಣನೆಯ ಕೊಳ್ಳಿ ಅಡ್ಡ ಬಂದರೆ ಗ್ಯಾಸ್ ಪೂರ್ತಿ ಉರಿಯುವ ಮೊದಲೇ ತಣ್ಣಗಾಗುತ್ತದೆ. ಆಗ ಮಸಿ ಕಟ್ಟುತ್ತದೆ, ನರ್ಸ್ ಮೇಡಂ ಹೇಳಿದ ಗಾಳಿಯೂ ಹುಟ್ಟುತ್ತದೆ. ನೀವು ಒತ್ತಾಗಿ ಇಟ್ಟಿದ್ದು ಅದಕ್ಕೆ ಸರಿಯಾಗಿ ಕೂಡಿಬಂತು.

ಸಾಮಾನ್ಯವಾಗಿ ಹಿಂದಿನ ದೊಡ್ಡ ಕೊಳ್ಳಿ ಮೊದಲು. ಅದರ ಕೆಳಗೆ ತೂತು ಅಥವಾ ಕುಳಿ ಇರುತ್ತದೆ. ಕೆಳಗಿನ ಕಬ್ಬಿಣದ ಜಾಲಿಯ ಮೊಳೆಗೆ ಅದು ಕೂರಬೇಕು. ಕೂತ ಮೇಲೆ ಅಲ್ಲಾಡಿಸಿ ನೋಡಿ, ಅಲ್ಲಾಡಬಾರದು. ಆಮೇಲೆ ಮುಂದಿನದ್ದು. ಹಿಂದಿನದಕ್ಕೂ ಮುಂದಿನದಕ್ಕೂ ನಡುವೆ ಬರ್ನರ್‌ನ ಸಾಲು ಕಾಣುವ ಹಾಗೆ ಜಾಗ ಬಿಡಬೇಕು. ಕೊನೆಗೆ ಅಡ್ಡ ಕೊಳ್ಳಿಗಳು, ಸೇತುವೆ ಥರ, ಒಂದು ತುದಿ ಹಿಂದೆ ಇನ್ನೊಂದು ಮುಂದೆ. ಅವು ಬರ್ನರ್ ತೂತುಗಳ ನೇರ ಮೇಲೆ ಮಲಗಬಾರದು. ಪೈಲಟ್ ಮುಂದೆ ಏನೂ ಬರಬಾರದು, ಒಂದು ಚೂರು ಕೂಡ.

ಆದರೆ ನಾನು ಹೇಳಿದ್ದು ಸಾಮಾನ್ಯ ಮಾತು. ನಿಮ್ಮ ಸೆಟ್ಟಿನ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಅದೇ ಕೊನೆಯ ಮಾತು. ಒಂದು ಕಂಪನಿಯ ಕೊಳ್ಳಿಯನ್ನು ಇನ್ನೊಂದರ ಬರ್ನರ್ ಮೇಲೆ ಇಡಬೇಡಿ. ಒಂದು ಮುರಿದರೆ ಅದೇ ನಂಬರಿನದ್ದು ತರಿಸಿ. ಜಾಸ್ತಿ ತುಂಬಿಕೊಂಡು ಕಾಣಲಿ ಅಂತ ಏಳನೆಯದ್ದು ಸೇರಿಸಬೇಡಿ.

ತಟ್ಟೆಯಲ್ಲಿರುವ ಹಗುರವಾದ ಹೊಂಬಣ್ಣದ ಹರಳು ವರ್ಮಿಕ್ಯುಲೈಟ್. ಎಲ್‌ಪಿಜಿ ಸೆಟ್ಟಿಗೆ ಸಾಮಾನ್ಯವಾಗಿ ಅದನ್ನೇ ಕೊಡುತ್ತಾರೆ. ಸಡಿಲವಾಗಿ ಹರಡಬೇಕು, ಒತ್ತಬಾರದು. ಕೆಂಡದ ಹಾಗೆ ಹೊಳೆಯುವ ಉಣ್ಣೆಯಂಥ ಚೂರುಗಳಿದ್ದರೆ ಚಿಕ್ಕದಾಗಿ ಬಿಡಿಸಿ ಅಲ್ಲೊಂದು ಇಲ್ಲೊಂದು ಇಡಿ. ರಾಶಿ ಹಾಕಿದರೆ ಗ್ಯಾಸ್ ಬೇರೆ ಕಡೆಯಿಂದ ನುಗ್ಗುತ್ತದೆ. ಕರಿ ಲಾವಾ ಕಲ್ಲು ಬರ್ನರ್‌ನ ಹೊರಗೆ ಮಾತ್ರ.

ಲೀಡ್ಸ್_ಕನ್ನಡಿಗ

ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಊರು ನಾಪೋಕ್ಲು, ಈಗ ಇಂಗ್ಲೆಂಡಿನಲ್ಲಿ ಬಾಯ್ಲರ್, ಗ್ಯಾಸ್ ಒಲೆಗಳ ಕೆಲಸ. ಇಲ್ಲಿ ಎಷ್ಟೋ ಹಳೇ ಮನೆಗಳಲ್ಲಿ ಇಂಥ ಒಲೆ ಇದೆ.

ಇಲ್ಲಿ ಗ್ಯಾಸ್ ಸೇಫ್ ನೋಂದಣಿ ಇಲ್ಲದವರು ದುಡ್ಡಿಗೆ ಈ ಕೆಲಸ ಮುಟ್ಟುವಂತಿಲ್ಲ. 2009ರಿಂದ ಆ ಪಟ್ಟಿ ಇದೆ. ವರ್ಷಕ್ಕೊಂದು ಸಲ ಸರ್ವಿಸ್ ಮಾಡಿಸುವುದು ರೂಢಿ. ಈ ಅಲಂಕಾರದ ಒಲೆ ಇರುವ ಕೋಣೆಗೆ ಸಾಮಾನ್ಯವಾಗಿ ಕನಿಷ್ಠ 100 ಚದರ ಸೆಂ.ಮೀ. ಖಾಯಂ ಗಾಳಿಕಿಂಡಿ ಬೇಕು. ಅಂದರೆ ಅಂಗೈಯಷ್ಟು, 10 ಸೆಂ.ಮೀ.ಗೆ 10 ಸೆಂ.ಮೀ. ಮುಚ್ಚೋಕೆ ಬಾರದ ಕಿಂಡಿ. ಚಳಿ ಅಂತ ಜನ ಬಟ್ಟೆ ತುರುಕುತ್ತಾರೆ, ನಾವು ಹೋಗಿ ಕೀಳುತ್ತೇವೆ.

ಚಿಮಣಿ ಇರುವ ಸೆಟ್ಟಿಗೆ ಡ್ಯಾಂಪರ್ ಪೂರ್ತಿ ಮುಚ್ಚದ ಹಾಗೆ ಒಂದು ಕ್ಲ್ಯಾಂಪ್ ಬರುತ್ತದೆ. ಅದನ್ನು ಹಾಕಿಸಿ ಅಕ್ಕ. ಆಗ ಮಳೆಗಾಲದಲ್ಲಿ ಯಾರೂ ಮರೆತು ಮುಚ್ಚಲು ಆಗುವುದಿಲ್ಲ. ಮಳೆ ನೀರು ತಡೆಯೋಕೆ ಚಿಮಣಿಯ ತಲೆಗೆ ಟೋಪಿ ಹಾಕಿಸಬೇಕು, ಒಳಗೆ ಮುಚ್ಚುವುದಲ್ಲ.

ಹೊಗೆ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಒಲೆ ಹಚ್ಚುವ ಮೊದಲು ಬಾಗಿಲು ಕಿಟಕಿ ಮುಚ್ಚಿ, ಎರಡು ಊದುಬತ್ತಿಯನ್ನು ಫೈರ್‌ಪ್ಲೇಸ್ ಬಾಯಿಯ ಮೇಲಂಚಿನಲ್ಲಿ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡು ಮೇಲೆ ಹೋಗಬೇಕು. ಹಚ್ಚಿ ಹತ್ತು ನಿಮಿಷ ಆದ ಮೇಲೆ ಇನ್ನೊಂದು ಸಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ ಮತ್ತೊಂದು ಸಲ. ಫ್ಯಾನ್ ಜೋರಾಗಿದ್ದರೆ ಚಿಮಣಿಯ ಗಾಳಿಯನ್ನೇ ಕೆಳಗೆ ಎಳೆಯುತ್ತದೆ. ಹೊಗೆ ನಿಮ್ಮ ಮುಖಕ್ಕೆ ಬಂದರೆ ಒಲೆ ಆರಿಸಿಬಿಡಿ.

ಸೋಂಪೇಟೆ_ಎಸ್ಟೇಟ್

ಡ್ಯಾಂಪರ್ ಅರ್ಧ ಮುಚ್ಚಿದರೆ ಬಿಸಿ ಕೋಣೆಯಲ್ಲೇ ಉಳಿಯುತ್ತದೆ ಅಂತ ನಮ್ಮ ಹಿರಿಯರು ಮಾಡುತ್ತಿದ್ದರಲ್ಲ. ಸೌದೆಗೆ ಅದು ನಡೆಯುತ್ತಿತ್ತು.

ಲೀಡ್ಸ್_ಕನ್ನಡಿಗ

ಸೌದೆಗೆ ಅರ್ಧ ಮುಚ್ಚಿದರೆ ಹೊಗೆ ಬಂದು ಕಣ್ಣು ಉರಿಯುತ್ತದೆ, ನೀವೇ ಎದ್ದು ತೆರೆಯುತ್ತೀರಿ ಸರ್. ಗ್ಯಾಸ್‌ನಲ್ಲಿ ಆ ಎಚ್ಚರಿಕೆ ಸಿಗುವುದಿಲ್ಲ. ಕಣ್ಣು ಉರಿಯುವುದಿಲ್ಲ, ನಿದ್ದೆ ಬರುತ್ತದೆ. ಹಾಗಾಗಿ ಈ ಸೆಟ್ಟುಗಳಿಗೆ ಪೂರ್ತಿ ತೆರೆದೇ ಇರಬೇಕು.

ಗಾಳಿಬೀಡು_ಮಳೆ

ಕಲ್ಲು ತೆಗೆದೆ. ಡ್ಯಾಂಪರ್ ತೆರೆದೆ. ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಏನೋ ಕಪ್ಪಗೆ ಅಡ್ಡ ಕಾಣುತ್ತಿದೆ. ತೊಳೆದ ಕೊಳ್ಳಿಗಳು ಹಾಳಾಗಿವೆಯಾ? ಮಸಿ ತೆಗೆಯುವುದು ಹೇಗೆ? ಸಾಬೂನು ಹಾಕಬಹುದಾ?

ಪಾನಾ_ಪೈಪು

ಸಾಬೂನು ಬೇಡ, ನೀರೂ ಬೇಡ. ಸೆರಾಮಿಕ್ ಫೈಬರ್ ಕೊಳ್ಳಿ ಸ್ಪಂಜಿನ ಹಾಗೆ ನೀರು ಹೀರುತ್ತದೆ, ಮೆತ್ತಗಾಗಿ ಮುರಿಯುತ್ತದೆ. ನಿಮ್ಮದು ಎರಡು ತಿಂಗಳು ಒಣಗಿದೆ, ಕೈಗೆ ಹಿಟ್ಟು ಉದುರದಿದ್ದರೆ ಬದುಕಿದೆ. ಬಿರುಕು ಬಿಟ್ಟಿದ್ದರೆ ಬದಲಿಸಿ.

ಒಲೆ ಪೂರ್ತಿ ತಣ್ಣಗಾಗಿರಲಿ, ವಾಲ್ವ್ ಮುಚ್ಚಿರಲಿ. ತೆಗೆಯುವ ಮೊದಲು ಮೊಬೈಲ್‌ನಲ್ಲಿ ಮೂರು ಫೋಟೊ: ಎದುರಿಂದ, ಮೇಲಿಂದ, ಪಕ್ಕದಿಂದ. ಈಗಿನ ಜೋಡಣೆ ತಪ್ಪು ಅಂತ ಗೊತ್ತಾಗಿರುವುದರಿಂದ ನೀವು ಪುಸ್ತಕದ ಚಿತ್ರ ನೋಡಿ. ಎರಡು ಇಂಚಿನ ಮೆತ್ತನೆಯ ಪೇಂಟ್ ಬ್ರಷ್ ತಗೊಂಡು ಮೇಲಿಂದ ಕೆಳಕ್ಕೆ ಹಗುರವಾಗಿ ಸವರಿ. ಹೊಸ ಬ್ರಷ್ ಆಗಿರಲಿ. ಮನೆಯ ಹೊರಗೆ, ಹಳೇ ಪೇಪರ್ ಮೇಲೆ. ಎನ್ 95 ಮಾಸ್ಕ್ ಹಾಕಿಕೊಳ್ಳಲೇಬೇಕು. ಆ ಧೂಳಿನಲ್ಲಿ ಸಣ್ಣ ಎಳೆಗಳಿರುತ್ತವೆ, ಶ್ವಾಸಕ್ಕೆ ಒಳ್ಳೆಯದಲ್ಲ. ಬಾಯಿಂದ ಊದಬೇಡಿ, ಬ್ಲೋವರ್ ಹಿಡಿಯಬೇಡಿ. ಮಕ್ಕಳು ಹತ್ತಿರ ಇರಬಾರದು. ಮುರಿದಿದ್ದನ್ನು ಎಸೆಯುವಾಗ ಸ್ವಲ್ಪ ನೀರು ಚಿಮುಕಿಸಿ, ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ.

ಇಷ್ಟು ನಿಮ್ಮ ಕೆಲಸ. ಬರ್ನರ್, ಪೈಲಟ್, ಗ್ಯಾಸ್ ಹೊರಬರುವ ಸಣ್ಣ ತೂತಿನ ಜೆಟ್ಟು, ಇವುಗಳನ್ನು ಗೊತ್ತಿರುವ ಮೆಕ್ಯಾನಿಕ್ ಬಿಚ್ಚಬೇಕು. ಪೈಲಟ್ ಹಳದಿ ಅಂದರೆ ಅದಕ್ಕೂ ಗಾಳಿ ಸಿಗುತ್ತಿಲ್ಲ. ನಮ್ಮ ಕಡೆ ಮಳೆಗಾಲ ಕಳೆದ ಮೇಲೆ ಇದಕ್ಕೆ ಬಹಳ ಸಲ ಕಾರಣ ಒಂದೇ. ಜೇಡ ಅಥವಾ ಕುಂಬಾರ ಹುಳ. ಗ್ಯಾಸ್ ಜೊತೆ ಗಾಳಿ ಬೆರೆಸೋಕೆ ಜೆಟ್ಟಿನ ಹತ್ತಿರ ಕಿಂಡಿ ಇರುತ್ತದೆ. ಹುಳಕ್ಕೆ ಅದು ಗೂಡು ಕಟ್ಟಲು ಹೇಳಿ ಮಾಡಿಸಿದ ಜಾಗ. ನಾನು ನಾಳೆ ಮಡಿಕೇರಿಗೆ ಬರುತ್ತಿದ್ದೇನೆ. ಮಧ್ಯಾಹ್ನದ ಮೇಲೆ ನಿಮ್ಮಲ್ಲಿಗೆ ಬರುತ್ತೇನೆ.

ಕುಶಾಲನಗರ_ಹೊಸಮನೆ

ಇದೇ ಚರ್ಚೆಯಲ್ಲಿ ಕೇಳುತ್ತೇನೆ, ಕ್ಷಮಿಸಿ. ನಾವು ಮಡಿಕೇರಿ ಹತ್ತಿರ ಎರಡು ಕಾಟೇಜ್ ಕಟ್ಟುತ್ತಿದ್ದೇವೆ. ಚಿಮಣಿ ಬೇಡದ ಸೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬೆಡ್‌ರೂಮಿಗೆ ಹಾಕಬಹುದಾ? 10ಕ್ಕೆ 12 ಅಡಿ ಕೋಣೆ. ಬೆಲೆಯೂ ಕಡಿಮೆ.

ಲೀಡ್ಸ್_ಕನ್ನಡಿಗ

ಮಲಗುವ ಕೋಣೆಗೆ ದಯವಿಟ್ಟು ಬೇಡ.

ಲೆಕ್ಕ ಹಾಕಿ ನೋಡಿ. ಒಂದು ಕೆಜಿ ಎಲ್‌ಪಿಜಿ ಪೂರ್ತಿ ಉರಿಯೋಕೆ ಸುಮಾರು 12 ಘನ ಮೀಟರ್ ಗಾಳಿ ಬೇಕು. ನಿಮ್ಮ ಕೋಣೆ ಒಂಬತ್ತು ಅಡಿ ಎತ್ತರ ಅಂದರೂ 30 ಘನ ಮೀಟರ್. 7 ಕಿಲೋವ್ಯಾಟ್ ಒಲೆ ಗಂಟೆಗೆ ಅರ್ಧ ಕೆಜಿಗೂ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಚಿಮಣಿ ಇಲ್ಲದೆ ಉರಿದಿದ್ದೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ಬಾಗಿಲು ಹಾಕಿ ರಗ್ಗು ಹೊದ್ದು ಮಲಗಿದವರಿಗೆ ಬೆಳಗಿನವರೆಗೆ ಏನು ಉಳಿಯುತ್ತದೆ?

ಇನ್ನೊಂದು, ಕೊಡಗಿನವರು ಯೋಚಿಸಬೇಕಾದ್ದು. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರಿನಷ್ಟು ನೀರು ಆವಿಯಾಗಿ ಬರುತ್ತದೆ. ಚಿಮಣಿ ಇದ್ದರೆ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ನಿಮ್ಮ ಗೋಡೆಗೆ, ಬೀರುವಿನ ಬಟ್ಟೆಗೆ. ಆಟಿ ತಿಂಗಳಲ್ಲಿ ಮಡಿಕೇರಿಯ ಗೋಡೆಗೆ ಇನ್ನೂ ನೀರು ಬೇಕಾ?

ಆ ಸೆಟ್ಟುಗಳಲ್ಲಿ ಆಮ್ಲಜನಕ ಸುಮಾರು 18 ಶೇಕಡಾಕ್ಕೆ ಇಳಿದರೆ ಪೈಲಟ್ ಆರಿಸುವ ವ್ಯವಸ್ಥೆ ಇರುತ್ತದೆ. ಒಳ್ಳೆಯದೇ. ಆದರೆ ಅದು ಆಮ್ಲಜನಕ ನೋಡುತ್ತದೆ, ಕಾರ್ಬನ್ ಮೊನಾಕ್ಸೈಡ್ ನೋಡುವುದಿಲ್ಲ. ಕೊಳ್ಳಿ ತಪ್ಪಾಗಿ ಇಟ್ಟು ಮಸಿ ಕಟ್ಟುತ್ತಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಪಾನಾ_ಪೈಪು

ಆನ್‌ಲೈನ್‌ನಲ್ಲಿ ತರಿಸುವವರು ಇನ್ನೊಂದು ನೋಡಿ. ಹೊರದೇಶದ ಎಷ್ಟೋ ಸೆಟ್ಟು ನ್ಯಾಚುರಲ್ ಗ್ಯಾಸ್‌ಗೆ ಮಾಡಿದ್ದು. ಅದರ ಜೆಟ್ಟಿನ ತೂತು ದೊಡ್ಡದು. ಎಲ್‌ಪಿಜಿ ಸಿಲಿಂಡರಿಗೆ ಸಿಕ್ಕಿಸಿದರೆ ಬೇಕಾದ್ದಕ್ಕಿಂತ ಬಹಳ ಜಾಸ್ತಿ ಗ್ಯಾಸ್ ನುಗ್ಗುತ್ತದೆ. ಉರಿ ಚಿಮಣಿ ಬಾಯಿವರೆಗೆ ಏಳುತ್ತದೆ, ಮಸಿ ಮಳೆಯ ಹಾಗೆ ಸುರಿಯುತ್ತದೆ. ಹೋಟೆಲ್ ಭಟ್ಟಿಗೆ ಹಾಕುವ ಹೈ ಪ್ರೆಷರ್ ರೆಗ್ಯುಲೇಟರ್ ಹಾಕುವವರನ್ನೂ ನೋಡಿದ್ದೇನೆ. ಅದು ಬೆಂಕಿ ಅನಾಹುತಕ್ಕೆ ಆಹ್ವಾನ. ಸೆಟ್ಟಿನ ತಗಡಿನ ಪಟ್ಟಿಯಲ್ಲಿ ಯಾವ ಗ್ಯಾಸ್, ಎಷ್ಟು ಒತ್ತಡ ಅಂತ ಬರೆದಿರುತ್ತದೆ. ಅದನ್ನು ಓದದೆ ನಾನು ಪೈಪ್ ಜೋಡಿಸುವುದಿಲ್ಲ.

ಮಡಿಕೇರಿ_ದರೆ

ಕಾಟೇಜ್ ಕಟ್ಟುವವರು ಸಿಲಿಂಡರ್ ಎಲ್ಲಿಡುತ್ತೀರಿ ಅನ್ನುವುದನ್ನೂ ಈಗಲೇ ಯೋಚಿಸಿ. ನಮ್ಮ ಊರಿನಲ್ಲಿ ಸಮತಟ್ಟು ಜಾಗ ಎಲ್ಲಿದೆ? ದರೆ ಕಡಿದು ಮನೆ ಕಟ್ಟುತ್ತೇವೆ. ರಸ್ತೆ ಮಟ್ಟದಲ್ಲಿ ಅಡುಗೆಮನೆ, ಅದರ ಕೆಳಗೆ ಮಲಗುವ ಕೋಣೆ, ಅದರ ಕೆಳಗೆ ಇಳಿಜಾರು.

ನಮ್ಮ ಸಿಲಿಂಡರ್ ಗೂಡು ಮೇಲೆ, ಹಿತ್ತಲ ಮೆಟ್ಟಿಲ ಪಕ್ಕ ಇತ್ತು. ಒಂದು ದಿನ ಬೆಳಗಿನ ಜಾವ ಕೆಳಗಿನ ಕೋಣೆಯಲ್ಲಿ ಚಾಪೆ ಮೇಲೆ ಮಲಗಿದ್ದ ನನ್ನ ತಾಯಿ ಎದ್ದು ಕೂತು, ಗ್ಯಾಸ್ ವಾಸನೆ ಬರುತ್ತಿದೆ ಅಂದರು. ಮಂಚದ ಮೇಲಿದ್ದ ನನಗೆ ಏನೂ ಬರಲಿಲ್ಲ. ಬಗ್ಗಿ ನೆಲಕ್ಕೆ ಮೂಗು ತಂದಾಗ ಗೊತ್ತಾಯಿತು. ಮೇಲೆ ರೆಗ್ಯುಲೇಟರ್ ಹತ್ತಿರ ಪೈಪಿನ ತುದಿ ಬಿರುಕು ಬಿಟ್ಟಿತ್ತು. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮೆಟ್ಟಿಲು ಇಳಿದು, ಬಾಗಿಲ ಸಂದಿಯಲ್ಲಿ ನುಗ್ಗಿ, ನೀರಿನ ಹಾಗೆ ಕೆಳಗಿನ ಕೋಣೆಗೆ ಬಂದಿತ್ತು. ತಾಯಿ ಸ್ವಿಚ್ ಹಾಕೋಕೆ ಕೈ ಎತ್ತಿದ್ದರು. ನಾನು ಕೂಗಿದೆ. ಕತ್ತಲಲ್ಲೇ ಅವರ ಕೈ ಹಿಡಿದು ಹೊರಗೆ ಬಂದೆ. ಆಮೇಲೆ ಮೇಲೆ ಹೋಗಿ ವಾಲ್ವ್ ಮುಚ್ಚಿ, ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿದೆ.

ಈಗ ಸಿಲಿಂಡರ್ ಮನೆಯ ಇನ್ನೊಂದು ಬದಿಯಲ್ಲಿದೆ. ಕೆಳಗೆ ಕೋಣೆ ಇಲ್ಲ, ಚರಂಡಿ ಇಲ್ಲ, ಗುಂಡಿ ಇಲ್ಲ. ನೆಟ್ಟಗೆ ನಿಲ್ಲಿಸಿದ್ದೇವೆ, ಸುತ್ತ ಜಾಲಿ, ಗಾಳಿ ಆಡುತ್ತದೆ. ತಾಯಿ ಈಗಲೂ ಮಲಗುವ ಮೊದಲು ಒಂದು ಸಲ ನೆಲ ಮೂಸುತ್ತಾರೆ.

ವಿರಾಜಪೇಟೆ_ನರ್ಸ್

ನಿಮ್ಮ ತಾಯಿಗೆ ನಮಸ್ಕಾರ ಹೇಳಿ.

ಅಲಾರಂ ಬಗ್ಗೆ ಯಾರೂ ಬರೆದಿಲ್ಲ. ಎರಡು ಬೇರೆ ಬೇರೆ ಅಲಾರಂ ಬೇಕು, ಇದನ್ನು ಜನ ಗೊಂದಲ ಮಾಡಿಕೊಳ್ಳುತ್ತಾರೆ. ಗ್ಯಾಸ್ ಸೋರಿಕೆಯದ್ದು ನೆಲದ ಹತ್ತಿರ. ಕಾರ್ಬನ್ ಮೊನಾಕ್ಸೈಡ್‌ನದ್ದು ಮೇಲೆ, ಒಲೆಯಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿ. ಮಲಗುವ ಕೋಣೆಯಲ್ಲಾದರೆ ತಲೆದಿಂಬಿನ ಎತ್ತರಕ್ಕೆ. ಪರದೆ ಹಿಂದೆ, ಬೀರು ಒಳಗೆ ಇಡಬೇಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮೇಲೆ ಇಎನ್ 50291 ಅನ್ನುವ ಯುರೋಪಿನ ಗುಣಮಟ್ಟದ ಗುರುತು ಇದೆಯಾ ನೋಡಿ ತಗೊಳ್ಳಿ. ಅದಕ್ಕೂ ಆಯಸ್ಸು ಇದೆ, ಮುಗಿಯುವ ವರ್ಷ ಹಿಂದೆ ಬರೆದಿರುತ್ತದೆ. ಟೆಸ್ಟ್ ಬಟನ್ ತಿಂಗಳಿಗೊಂದು ಸಲವಾದರೂ ಒತ್ತಿ.

ಗಾಳಿಬೀಡು_ಮಳೆ

ಕೆಲಸ ಮುಗಿಯಿತು. ಎಲ್ಲರಿಗೂ ಹೇಳಬೇಕು ಅಂತ ಕೂತಿದ್ದೇನೆ.

ಪಾನಾ ಅಣ್ಣ ಬಂದು ಬರ್ನರ್ ಬಿಚ್ಚಿದರು. ಗಾಳಿ ಕಿಂಡಿಯೊಳಗೆ ಕೆಮ್ಮಣ್ಣಿನ ಗೂಡು, ನನ್ನ ಕಿರುಬೆರಳಿನಷ್ಟು. ಒಣಗಿ ಇಟ್ಟಿಗೆ ಆಗಿತ್ತು. ಒಡೆದರೆ ಒಳಗೆ ಮರಿಹುಳಕ್ಕೆ ಅಂತ ತಂದಿಟ್ಟ ಜೇಡಗಳು. ಪೈಲಟ್ ಕಿಂಡಿಯಲ್ಲಿ ಧೂಳು ಮತ್ತು ಬಲೆ. ಅದನ್ನು ಅವರು ಮೆತ್ತನೆಯ ಬ್ರಷ್‌ನಲ್ಲೇ ತೆಗೆದರು. ಜೆಟ್ಟಿಗೆ ಸೂಜಿ ಹಾಕೋಣವಾ ಅಂತ ನಾನು ಕೇಳಿದೆ. ಬೇಡವೇ ಬೇಡ, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ ಅಂದರು. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲಿನ ವರ್ಷ ನೋಡಿದರು. ಐದು ವರ್ಷಕ್ಕೆ ಬದಲಿಸಬೇಕು, ಇನ್ನೂ ಸಮಯ ಇದೆ. ಆಮೇಲೆ ಪ್ರತಿ ಜೋಡಣೆಗೂ ಸೋಪಿನ ನೀರು ಸವರಿದರು, ಗುಳ್ಳೆ ಬರಲಿಲ್ಲ.

ಚಿಮಣಿಯಲ್ಲಿ ಅಡ್ಡ ಕಂಡಿದ್ದು ಹಳೇ ಹಕ್ಕಿಗೂಡು. ಜೊತೆಗೆ ಸೌದೆ ಕಾಲದ ಮಸಿ, ಡಾಂಬರಿನ ಹಾಗೆ ಗಟ್ಟಿ. ಗ್ಯಾಸ್ ಹಾಕಿಸುವಾಗ ಚಿಮಣಿ ಗುಡಿಸಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಇಬ್ಬರು ಹತ್ತಿ ಗುಡಿಸಿದರು, ಎರಡು ಗೋಣಿಚೀಲ ತುಂಬಿತು. ತಲೆಗೆ ಜಾಲರಿ ಇರುವ ಟೋಪಿ ಹಾಕಿಸಿದೆವು, ಡ್ಯಾಂಪರಿಗೆ ಕ್ಲ್ಯಾಂಪ್.

ಆಮೇಲೆ ಕೊಳ್ಳಿ. ಪುಸ್ತಕ ಹಳೇ ಬಿಲ್ಲುಗಳ ಫೈಲಿನಲ್ಲಿ ಸಿಕ್ಕಿತು. ಹಿಂದಿನದ್ದರ ಕೆಳಗೆ ನಿಜವಾಗಿಯೂ ತೂತು ಇದೆ. ನಾನು ಅದನ್ನು ಹಿಂದುಮುಂದಾಗಿ ಇಟ್ಟಿದ್ದೆ. ಮೊಳೆಗೆ ಕೂರಿಸಿದಾಗ ಟಕ್ ಅಂತ ಕೂತಿತು. ಅಡ್ಡ ಕೊಳ್ಳಿಗಳ ಮೇಲೆ ಸುಟ್ಟ ಹಾಗೆ ಬಣ್ಣ ಹಾಕಿರುತ್ತಾರಲ್ಲ, ಆ ಬಣ್ಣ ಇರುವ ಬದಿ ಉರಿಯ ಕಡೆಗೆ ಬರಬೇಕು. ನನ್ನದು ಮೇಲೆ ಇತ್ತು. ಒಂದರಲ್ಲಿ ಬಿರುಕು ಇದೆ, ಅದೇ ನಂಬರಿನದ್ದು ಬರೆದು ಕಳಿಸಿದ್ದೇವೆ. ಬರುವವರೆಗೆ ಹಚ್ಚುವುದಿಲ್ಲ.

ಗೋಣಿಕೊಪ್ಪ_ತೋಟ

ಐದರಲ್ಲೇ ಹಚ್ಚಬಹುದಲ್ವಾ? ಒಂದು ಕಡಿಮೆ ಆದರೆ ಗಾಳಿ ಜಾಸ್ತಿಯೇ ಸಿಗುತ್ತದೆ.

ಪಾನಾ_ಪೈಪು

ಹಾಗಲ್ಲ ಸರ್. ಒಂದು ಇಲ್ಲದಿದ್ದರೆ ಉರಿ ಆ ಖಾಲಿ ಜಾಗಕ್ಕೆ ವಾಲಿ ಪಕ್ಕದ್ದಕ್ಕೆ ಬಡಿಯುತ್ತದೆ. ಆರೂ ಸೇರಿಯೇ ಲೆಕ್ಕ.

ಗಾಳಿಬೀಡು_ಮಳೆ

ಹೊಸ ಕೊಳ್ಳಿ ಬಂತು, ಸಂಕ್ರಮಣಕ್ಕೆ ಎರಡು ದಿನ ಮುಂಚೆ. ಹಚ್ಚುವ ಮೊದಲು ಬಗ್ಗಿ ನೆಲ ಮೂಸಿದೆ. ಮೊದಲ ಸಲ ಪೈಲಟ್ ಹಿಡಿಯಲಿಲ್ಲ. ವಾಲ್ವ್ ಮುಚ್ಚಿ ಐದು ನಿಮಿಷ ಗಡಿಯಾರ ನೋಡಿಕೊಂಡು ಕಾದು ಆಮೇಲೆ ಹಚ್ಚಿದೆ. ಪೈಲಟ್ ನೀಲಿ. ಉರಿ ಸಂದಿಗಳಲ್ಲಿ ಎದ್ದು ಮೇಲೆ ಹಳದಿಯಾಗಿ ಆಡುತ್ತಿದೆ, ಕೊಳ್ಳಿಯ ಮುಖಕ್ಕೆ ಬಡಿಯುತ್ತಿಲ್ಲ. ಊದುಬತ್ತಿ ಹೊಗೆ ದಾರ ಎಳೆದ ಹಾಗೆ ಒಳಗೆ ಹೋಯಿತು, ಎಕ್ಸಾಸ್ಟ್ ಫ್ಯಾನ್ ಹಾಕಿದಾಗಲೂ. ಎರಡು ಗಂಟೆ ಉರಿಸಿ, ಆರಿಸಿ, ಬೆಳಿಗ್ಗೆ ಹಿಂದಿನ ಕೊಳ್ಳಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಇತ್ತು.

ಸೋಫಾ, ಪರದೆ ಎಲ್ಲ ಒಂದು ಮೀಟರ್‌ಗಿಂತ ಹಿಂದೆ ಸರಿಸಿದ್ದೇವೆ. ಎರಡೂ ಅಲಾರಂ ಹಾಕಿಸಿದೆ. ಸರಿಯಾದ ಜೋಡಣೆಯ ಮೂರು ಫೋಟೊ ಲ್ಯಾಮಿನೇಟ್ ಮಾಡಿಸಿ ಪಕ್ಕದ ಗೋಡೆಗೆ ತೂಗುಹಾಕಿದ್ದೇವೆ. ಕೆಳಗೆ ದೊಡ್ಡ ಅಕ್ಷರದಲ್ಲಿ, ಕೊಳ್ಳಿ ಮುಟ್ಟಬೇಡಿ, ನಮ್ಮನ್ನು ಕರೆಯಿರಿ ಅಂತ ಬರೆದಿದ್ದೇವೆ. ಕೆಲಸದವಳನ್ನೂ ಕೂರಿಸಿಕೊಂಡು ತೋರಿಸಿದೆ. ತೊಳೆದಿದ್ದು ತಪ್ಪು ಅಂತ ಅವಳಿಗೆ ಯಾರಾದರೂ ಹೇಳಿದ್ದರಲ್ಲವೇ ಗೊತ್ತಾಗುವುದು, ಅದು ನನ್ನ ಜವಾಬ್ದಾರಿಯಾಗಿತ್ತು.

ಮಗನಿಗೆ ಕಲ್ಲು ಕಿತ್ತುಕೊಂಡಿದ್ದು ಬೇಜಾರಾಗಿತ್ತು. ಅತ್ತೆ ತಮ್ಮ ಹಳೇ ಉರುಳಿ ತೆಗೆದುಕೊಟ್ಟರು. ಅದರಲ್ಲಿ ನೀರು ತುಂಬಿ ನಾಲ್ಕೂ ಕಲ್ಲು ಮುಳುಗಿಸಿ ಕಿಟಕಿ ಹತ್ತಿರ ಇಟ್ಟಿದ್ದಾನೆ. ರಾತ್ರಿ ಬೆಂಕಿಯ ಬೆಳಕು ಅಲ್ಲಿಯವರೆಗೂ ಬೀಳುತ್ತದೆ.